ಸುಮ್ಮನೆ ಓಡುವವರ ಸಂಘ

ವೆಂಕಟರಾಯಪ್ಪನ ವಂಶದಲ್ಲಿ ಸುಮ್ಮನೆ ಓಡಿದವರು ಯಾರೂ ಇರಲಿಲ್ಲ. ಅವನ ಅಪ್ಪ ಟಪ್ಪಾಲು ಹೊತ್ತು ಓಡಿದ. ವೆಂಕಟರಾಯಪ್ಪ ತಾನು ಇಪ್ಪತ್ತೊಂಬತ್ತು ವರ್ಷ ಓಡಿದ. ಅವನ ಮಗ ನರಸಿಂಹಪ್ಪ ಹನ್ನೊಂದು ವರ್ಷ ಓಡಿದ. ಹಿಂದೂಪುರದ ಅಂಚೆ ಕಚೇರಿಯಿಂದ ಪರಿಗಿಗೆ ಎಂಟು ಮೈಲಿ, ಬೆಳಿಗ್ಗೆ ಅತ್ತ, ಸಂಜೆ ಇತ್ತ. ಹೆಗಲಿಗೆ ಚೀಲ, ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು. ಗೆಜ್ಜೆ ಸದ್ದು ಕೇಳಿದರೆ ಬೆಲ್ಲದ ಗಾಡಿಗಳು ದಾರಿ ಬಿಡಬೇಕು. ಒಮ್ಮೆ ತಹಸೀಲ್ದಾರರ ಜಟಕಾ ಕೂಡ ಪಕ್ಕಕ್ಕೆ ಸರಿದು ನಿಂತಿತ್ತು ಎಂದು ವೆಂಕಟರಾಯಪ್ಪ ಹೇಳುತ್ತಿದ್ದ. ಅದನ್ನು ಕಂಡವರು ಯಾರೂ ಇಲ್ಲ. ಆದರೆ ಹೇಳುವಾಗ ಅವನ ಬೆನ್ನು ನೆಟ್ಟಗಾಗುತ್ತಿದ್ದುದನ್ನು ಕೇರಿಯವರೆಲ್ಲ ಕಂಡಿದ್ದಾರೆ.

ಆ ಮನೆಯ ಒಲೆಗೂ ಆ ಗೆಜ್ಜೆಗೂ ನಂಟಿತ್ತು. ಸಂಜೆ ಪರಿಗಿ ರಸ್ತೆಯ ತಿರುವಿನಲ್ಲಿ ಸದ್ದು ಕೇಳಿಸಿದ ಮೇಲೆಯೇ ಮುದುಕಿ ಕೊಂಡಮ್ಮ ಕುದಿಯುವ ಎಸರಿಗೆ ರಾಗಿ ಹಿಟ್ಟು ಸುರಿಯುತ್ತಿದ್ದಳು. ಗಂಡ ಓಡುವಾಗಲೂ ಹಾಗೆ, ಮಗ ಓಡುವಾಗಲೂ ಹಾಗೆ. ಓಡಿಬಂದವನು ಕಾಲು ತೊಳೆದು ತಟ್ಟೆಯ ಮುಂದೆ ಕೂರುವ ಹೊತ್ತಿಗೆ ಮುದ್ದೆ ಹೊಗೆಯಾಡುತ್ತಿರಬೇಕು. ಸೊಸೆ ಲಕ್ಷ್ಮಕ್ಕ ಬಂದ ಮೇಲೆ ಮುದ್ದೆ ಕೋಲು ಅವಳ ಕೈಗೆ ಹೋಯಿತು. ಕಿವಿ ಮಾತ್ರ ಇಬ್ಬರದೂ ರಸ್ತೆಯ ಕಡೆಗೇ ಇರುತ್ತಿತ್ತು.

೧೯೬೦ರ ದಸರೆ ಕಳೆದ ಮೇಲೆ ಪರಿಗಿ ಟಪ್ಪಾಲು ಬಸ್ಸಿನ ಪಾಲಾಯಿತು. ನರಸಿಂಹಪ್ಪನ ಕೆಲಸ ಹೋಗಲಿಲ್ಲ, ಸಂಬಳ ಹೋಗಲಿಲ್ಲ, ಓಟ ಹೋಯಿತು. ಅವನನ್ನು ಅಂಚೆ ಕಚೇರಿಯ ಒಳಗೆ ಕೂರಿಸಿ ಕಾಗದಗಳಿಗೆ ಮೊಹರು ಒತ್ತಲು ಹೇಳಿದರು. ಪೋಸ್ಟ್ ಮಾಸ್ತರರು ಕೋಲಿನ ತುದಿಯ ಕಬ್ಬಿಣದ ಮೊನೆಯನ್ನು ಸರ್ಕಾರದ ವಸ್ತುವೆಂದು ಕಳಚಿಟ್ಟುಕೊಂಡು, ಕೋಲನ್ನೂ ಗೆಜ್ಜೆಯನ್ನೂ ಅವನಿಗೇ ಬಿಟ್ಟರು. ಅದನ್ನು ವೆಂಕಟರಾಯಪ್ಪ ನಡುಮನೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ.

ಅಲ್ಲಿಂದ ನರಸಿಂಹಪ್ಪ ಉಣ್ಣುವುದು ಕಡಿಮೆಯಾಯಿತು. ಮೂರು ಮುದ್ದೆ ಉಣ್ಣುತ್ತಿದ್ದವನು ಒಂದಕ್ಕೆ ಕೈ ತೊಳೆಯುತ್ತಿದ್ದ.

"ಯಾಕೆ, ಸಾರು ಚೆನ್ನಾಗಿಲ್ವಾ?" ಎಂದಳು ಲಕ್ಷ್ಮಕ್ಕ.

"ಸಾರೇನ್ ಮಾಡ್ತೈತೆ. ಕುಂತ್ಕಂಡು ಸೀಲು ಹೊಡ್ಯೋನಿಗೆ ಹಸಿವು ಎಲ್ಲಿಂದ ಬರ್ಬೇಕು?"

ಅವನಿಗೆ ಮೂವತ್ತನಾಲ್ಕು ವರ್ಷ. ಕೂತಲ್ಲೇ ಮೊಣಕಾಲು ಅಲ್ಲಾಡಿಸುತ್ತಿದ್ದ. ಬೆಳಗಿನ ಜಾವ ಎದ್ದು, ಹೋಗಬೇಕಾದ ಊರಿಲ್ಲದೆ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದ.

ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಅವನು ಬೆವರು ಸುರಿಸಿಕೊಂಡು ಬಂದ. ಕೊಡದ ನೀರು ಮೈಮೇಲೆ ಸುರಿದುಕೊಂಡು ಒಲೆಯ ಹತ್ತಿರ ಬಂದು ಕೂತು, "ರಾತ್ರಿ ಮುದ್ದೆ ಮಿಕ್ಕೈತಾ?" ಎಂದು ಕೇಳಿದ. ತಂಗಳು ಮುದ್ದೆ ಎರಡನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿದ. ಇನ್ನೂ ಬೇಕು ಎಂದ. ಲಕ್ಷ್ಮಕ್ಕ ಏನೂ ಕೇಳದೆ ಬಡಿಸಿದಳು. ಗಂಡ ಏನು ಮಾಡಿಬಂದಿದ್ದರೂ ಸರಿ, ಅದು ಒಳ್ಳೆಯದೇ ಎಂದು ಅವಳು ಅಲ್ಲೇ ತೀರ್ಮಾನ ಮಾಡಿಬಿಟ್ಟಳು.

ವಿಷಯ ಬಯಲಾದದ್ದು ರಾತ್ರಿ ಊಟಕ್ಕೆ ಕೂತಾಗ. ಹೈಸ್ಕೂಲಿನ ಡ್ರಿಲ್ ಮಾಸ್ತರು ಕೇಶವಯ್ಯನವರು ದೊಡ್ಡವರಿಗೆಂದೇ ಒಂದು ಓಟದ ಸಂಘ ಕಟ್ಟಿದ್ದರು. ಇಬ್ಬರು ಉಪಾಧ್ಯಾಯರು, ರೈಲ್ವೆ ಸ್ಟೇಷನ್ನಿನ ಪಾರ್ಸಲ್ ಗುಮಾಸ್ತ, ಜವಳಿ ಅಂಗಡಿಯ ಜೋಗಪ್ಪ, ಹೀಗೆ ಹತ್ತು ಹನ್ನೆರಡು ಜನ. ಬೆಳಿಗ್ಗೆ ಐದೂವರೆಗೆ ಶಾಲೆಯ ಮೈದಾನದಲ್ಲಿ ಓಡುವುದು. ನರಸಿಂಹಪ್ಪನೂ ಸೇರಿದ್ದ.

ವೆಂಕಟರಾಯಪ್ಪ ತುತ್ತು ನುಂಗಿ ಕೇಳಿದ. "ಎಲ್ಲಿಗೆ ಓಡ್ತೀರಿ?"

"ಎಲ್ಲಿಗೂ ಇಲ್ಲಪ್ಪ. ಮೈದಾನದಾಗೇ ಸುತ್ತು ಹಾಕೋದು."

"ಸುತ್ತು ಹಾಕಿ?"

"ಹೊರಟಿದ್ ಜಾಗಕ್ಕೇ ಬರೋದು."

"ಹೊರಟಿದ್ ಜಾಗಕ್ಕೇ ಬರಾಕೆ ಓಡ್ಬೇಕೇನ್ಲಾ? ನಿಂತ್ರೂ ಅಲ್ಲೇ ಇರ್ತೀಯ."

ಲಕ್ಷ್ಮಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಕೊಂಡಮ್ಮನಿಗೆ ಬೇರೆ ಚಿಂತೆ. "ಏನ್ ಕೊಡ್ತಾರಪ್ಪ ಓಡಿದ್ರೆ?"

"ಅವ್ರೇನೂ ಕೊಡಲ್ಲಮ್ಮ. ನಾವೇ ತಿಂಗ್ಳಿಗೆ ಎಂಟಾಣೆ ಕೊಡ್ಬೇಕು."

"ಅಯ್ಯೋ ನನ್ನಪ್ಪನೇ! ಓಡಾಕೂ ನಾವೇ ಕೊಡ್ಬೇಕಾ?"

ಮುದುಕ ತಟ್ಟೆಯಲ್ಲೇ ಕೈ ತೊಳೆದ. "ಟಪ್ಪಾಲಿಲ್ದೆ ಓಡೋದು ನಾಯಿ, ಇಲ್ಲ ಕಳ್ಳ. ನಮ್ಮನೇಲಿ ಮೂರನೇ ಜಾತಿ ಹುಟ್ಕಂತು," ಎಂದು ಎದ್ದು ಹೋದ. ಅವತ್ತು ಅದು ಬರೀ ಹುಸಿ ಮುನಿಸು.

ಕಡಲೆಕಾಯಿ ಸುಲಿಯುವ ಕಾಲ ಮುಗಿದು ಸಂಕ್ರಾಂತಿ ಬಂತು, ಹೋಯಿತು. ಲಕ್ಷ್ಮಕ್ಕ ಅಕ್ಕಪಕ್ಕದವರಿಗೆ ಕಾಯಿ ಸುಲಿದುಕೊಟ್ಟು ಬಂದದ್ದರಲ್ಲಿ ಗಂಡನಿಗೆ ದಿನಾ ಒಂದು ಲೋಟ ಹಾಲು ಹಾಕಿಸಿಕೊಂಡಳು. ಎಂಟಾಣೆಯನ್ನೂ ಅವಳೇ ಎತ್ತಿಟ್ಟು ಕೊಟ್ಟಳು. ಮೊದಲ ತಿಂಗಳಲ್ಲೇ ಸಂಘದವರೆಲ್ಲ ಓಟದಲ್ಲಿ ಅವನಿಗಿಂತ ಹಿಂದೆ ಬಿದ್ದಿದ್ದರು. ಕೇಶವಯ್ಯನವರಿಗೆ ಒಂದೇ ಕೊರಗು. ಓಡುವಾಗ ನರಸಿಂಹಪ್ಪ ಎಡಹೆಗಲನ್ನು ಇಳಿಬಿಡುತ್ತಿದ್ದ, ಬಲಗೈಯನ್ನು ಬಿಗಿಹಿಡಿಯುತ್ತಿದ್ದ. ಇಲ್ಲದ ಚೀಲ, ಇಲ್ಲದ ಕೋಲು. "ಇಳಿಸಪ್ಪ ಆ ಚೀಲಾನ!" ಎಂದು ಅವರು ದಿನಾ ಕೂಗುತ್ತಿದ್ದರು.

ಸಂಕ್ರಾಂತಿ ಕಳೆದ ಭಾನುವಾರ ವೆಂಕಟರಾಯಪ್ಪ ಯಾರಿಗೂ ಹೇಳದೆ ಮೈದಾನದ ಕಡೆ ಹೋದ. ಕುತೂಹಲವನ್ನು ಎಷ್ಟು ದಿನ ತಡೆದುಕೊಂಡಾನು? ಬೇವಿನ ಮರದ ಕೆಳಗೆ ನಿಂತು ನೋಡಿದ. ಮಗ ಒಬ್ಬನೇ ಸುತ್ತು ಹಾಕುತ್ತಿದ್ದ. ಉಳಿದವರೆಲ್ಲ ದಣಿದು ಕೂತಿದ್ದರು. ಜೋಗಪ್ಪ ಕೈಗಡಿಯಾರ ಹಿಡಿದು, ತೊಡೆ ತಟ್ಟಿ, "ಭೇಷ್! ಎದ್ದುಲಾಗ ಉರುಕುತಾಡು ಚೂಡಂಡಿ!" ಎಂದು ಕೂಗಿದ. ಎತ್ತಿನ ಹಾಗೆ ಓಡುತ್ತಾನೆ ನೋಡಿ ಎಂದು ಅವನು ಹೊಗಳಿದ್ದೇ. ಆದರೆ ಕೂತಿದ್ದವರೆಲ್ಲ ಹೋ ಎಂದು ನಕ್ಕರು. ಆ ನಗು ಮುದುಕನ ಎದೆಗೆ ಚುಚ್ಚಿತು.

ಮನೆಗೆ ಬಂದವನು ಹೊಸ್ತಿಲ ಮೇಲೇ ನಿಂತು ಮಗ ಬರುವುದನ್ನು ಕಾದ.

"ನಾಳೆಯಿಂದ ಹೋಗ್ಬೇಡ."

"ಯಾಕಪ್ಪ?"

"ಸಾವ್ಕಾರ್ರು ಕುಂತ್ಕಂಡು ನಗ್ತಾವ್ರೆ, ನೀನು ಗಾಣದೆತ್ತಿನಂಗೆ ಸುತ್ತುತೀಯ. ತಹಸೀಲ್ದಾರ್ರು ದಾರಿ ಬಿಟ್ಟ ಕಾಲು ಕಣ್ಲಾ ಅವು!"

"ನನ್ನ ಕಾಲು ನಂದು ಕಣಪ್ಪ. ಸೀಲು ಹೊಡೀತಾ ಕುಂತ್ರೆ ಸತ್ತೋಯ್ತೀನಿ ನಾನು. ನಿಂಗೇನು, ಇಪ್ಪತ್ತೊಂಬತ್ತು ವರ್ಷ ಹೊಟ್ಟೆ ತುಂಬ ಓಡ್ಬುಟ್ಟೆ!"

"ಅಂಗಂದ್ರೆ ನಂಗೂ ನಿಂಗೂ ಮಾತಿಲ್ಲ. ನಿಂತೋಯ್ತು."

ಮುದುಕ ಹಟಕ್ಕೆ ಬಿದ್ದರೆ ಕೆಂಡ ಹಿಡಿದವನ ಹಾಗೆ, ಕೈ ಸುಟ್ಟರೂ ಬಿಡುವವನಲ್ಲ. ಏಳು ವಾರ ಅಪ್ಪ ಮಗನ ನಡುವೆ ಒಂದು ಮಾತಿಲ್ಲ. ಒಂದೇ ನಡುಮನೆಯಲ್ಲಿ ಒಬ್ಬ ಕಂಬದ ಈಚೆ ಉಣ್ಣುವನು, ಒಬ್ಬ ಆಚೆ. ಮಾತೆಲ್ಲ ಲಕ್ಷ್ಮಕ್ಕನ ಮೂಲಕ.

"ಲಕ್ಷ್ಮಕ್ಕಾ, ನಿನ್ ಗಂಡಂಗೆ ಹೇಳು, ಹಿತ್ಲು ಬಾಗ್ಲು ಕೀಲು ಸಡ್ಲ ಆಗೈತೆ."

"ನಮ್ಮಪ್ಪಂಗೆ ಹೇಳು, ಸಾಯಂಕಾಲ ಬಡೀತೀನಿ."

"ಇಬ್ರಿಗೂ ಕಿವಿ ಐತಲ್ಲ, ನಾನೊಬ್ಳು ಯಾಕೆ ನಡುವೆ ತಮಟೆ ಹೊಡ್ಕಂಡು?" ಎಂದು ಲಕ್ಷ್ಮಕ್ಕ ಗೊಣಗಿದಳು. ಕೊಂಡಮ್ಮ ಗಂಡನಿಗೆ ಎರಡು ಸಲ ಹೇಳಿದಳು, ಮೂರನೆಯ ಸಲ ಬೈದಳು, ಆಮೇಲೆ ತಾನೂ ಮಾತು ಬಿಟ್ಟಳು. ಹುಣಸೆಹಣ್ಣಿನ ಕಾಲ ಬಂದಿತ್ತು. ಅತ್ತೆ ಸೊಸೆ ಇಬ್ಬರೂ ಮಂಡಿಯಿಂದ ಹಣ್ಣು ತಂದು, ಜಗುಲಿಯಲ್ಲಿ ಕೂತು ಕುಟ್ಟಿ ಬೀಜ ತೆಗೆಯುತ್ತಿದ್ದರು. ಮನೆಯಲ್ಲಿ ಕೇಳಿಸುತ್ತಿದ್ದ ಸದ್ದು ಅದೊಂದೇ.

ಫೆಬ್ರವರಿ ಕೊನೆಯಲ್ಲಿ ಕೇಶವಯ್ಯನವರು ಒಂದು ಫಾರಂ ಹಿಡಿದು ಮನೆಗೆ ಬಂದರು. ಅವರನ್ನು ಬೀದಿ ತುದಿಯಲ್ಲಿ ಕಂಡೊಡನೆ ವೆಂಕಟರಾಯಪ್ಪ ಟವೆಲು ಕೊಡವಿ ಹಿತ್ತಲ ಬಾಗಿಲಿನಿಂದ ಹೊರಟುಹೋದ. ಹೋಗದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಕಲ್ಯಾಣದುರ್ಗದಲ್ಲಿ ಜಿಲ್ಲಾ ಹವ್ಯಾಸಿ ಓಟಗಾರರ ಕೂಟದ ಪಂದ್ಯ. ಮೂರು ಮೈಲಿ ಓಟಕ್ಕೆ ಹಿಂದೂಪುರದಿಂದ ನರಸಿಂಹಪ್ಪ. ಗೆದ್ದವರಿಗೆ ಬೆಳ್ಳಿಯ ಬಟ್ಟಲು.

"ಒಂದು ಮಾತು ನೆನಪಿಟ್ಟುಕೋ," ಎಂದರು ಕೇಶವಯ್ಯನವರು, ಲಕ್ಷ್ಮಕ್ಕ ಕೊಟ್ಟ ಮಜ್ಜಿಗೆ ಕೆಳಗಿಟ್ಟು. "ಓಡಿ ಸಂಬಳ ತಗೊಂಡವರು, ದುಡ್ಡಿಗೆ ಪಂದ್ಯ ಕಟ್ಟಿ ಓಡಿದವರು ಈ ಕೂಟದಲ್ಲಿ ಓಡೋ ಹಾಗಿಲ್ಲ. ಹಾಗಂತ ನಿಯಮ ಇದೆ. ಅಂಥವರನ್ನ ಇಟ್ಟುಕೊಂಡ ಸಂಘಾನೂ ಕೂಟದಿಂದ ತೆಗೆದುಹಾಕ್ತಾರೆ."

"ನಾನು ಓಡ್ತಿದ್ದುದು ಟಪ್ಪಾಲಿಗೆ ಅಲ್ವಾ ಮೇಷ್ಟ್ರೇ?"

"ನನಗೆ ಗೊತ್ತಪ್ಪ. ಅವರಿಗೆ ಹೇಗೆ ಕಾಣುತ್ತೋ. ಅದಕ್ಕೇ 'ಅಂಚೆ ಕಚೇರಿ ನೌಕರ' ಅಂತ ಮಾತ್ರ ಬರೆದಿದೀನಿ. ಸುಳ್ಳೇನಲ್ಲವಲ್ಲ. ಮುಂಚಿನ ಕೆಲಸದ ಮಾತು ಅಲ್ಲಿ ಎತ್ತಬೇಡ."

ಅವರು ಹೋದ ಮೇಲೆ ನರಸಿಂಹಪ್ಪ ಹೆಂಡತಿಗೆ ಹೇಳಿದ. "ಯಾರ ಮುಂದೂ ಬಾಯಿ ಬಿಡ್ಬೇಡ. ಇದೂ ಹೋದ್ರೆ ನಂಗೆ ಬೇರೇನೂ ಇಲ್ಲ ಕಣೆ."

ಆ ಮಾತು ಹೇಳುವಾಗ ಅವನ ಕಣ್ಣು ನೋಡಿ ಲಕ್ಷ್ಮಕ್ಕ ಹ್ಞೂ ಎಂದಳು.

ನಾಲ್ಕು ದಿನ ಕಳೆದು ಒಂದು ಕಾರ್ಡು ಬಂತು. ನರಸಿಂಹಪ್ಪನೇ ಅಂಚೆ ಕಚೇರಿಯಿಂದ ತಂದು, ಅಪ್ಪ ಕೂರುವ ಜಾಗದ ಹತ್ತಿರ ಮಾತಿಲ್ಲದೆ ಇಟ್ಟುಹೋದ. ಕಲ್ಯಾಣದುರ್ಗಕ್ಕೆ ಕೊಟ್ಟಿದ್ದ ಮಗಳು ಸಣ್ಣಕ್ಕ ಬರೆಸಿದ್ದು. ಲಕ್ಷ್ಮಕ್ಕ ಕೂಡಿಸಿಕೊಂಡು ಕೂಡಿಸಿಕೊಂಡು ಓದಿದಳು. ಬಸ್ ಸ್ಟ್ಯಾಂಡಿನ ಗೋಡೆಗೆ ಹಚ್ಚಿದ ಕಾಗದದಲ್ಲಿ ಅಣ್ಣನ ಹೆಸರು ಅಚ್ಚಾಗಿದೆ, ಬರುವ ಭಾನುವಾರ ಓಟ, ನಮ್ಮನೆಯವರು ದಿನಾ ಅದರ ಮುಂದೆ ನಿಂತು ಎಲ್ಲರಿಗೂ ತೋರಿಸುತ್ತಾರೆ.

"ಅಚ್ಚಾಗೈತಂತಾ?" ಎಂದ ಮುದುಕ.

"ಹ್ಞೂ ಮಾವ."

"ಇನ್ನೊಂದ್ಸಲ ಓದು."

ಓದಿದಳು. ಮುದುಕ ಕಾರ್ಡನ್ನು ಇಸಿದುಕೊಂಡು ಅಂಗಿ ಜೇಬಿಗೆ ಹಾಕಿಕೊಂಡ.

ಶನಿವಾರ ಬೆಳಿಗ್ಗೆ ಅವನು ಮಡಿ ಪಂಚೆ ಉಟ್ಟು, ತನ್ನ ಹಳೆಯ ಖಾಕಿ ಕೋಟು ತೊಟ್ಟು ಹೊರಟು ನಿಂತ. ಕಂಬಳಿಯಲ್ಲಿ ಉದ್ದನೆಯ ಏನನ್ನೋ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ನಡುಮನೆಯ ಮೊಳೆ ಬರಿದಾಗಿತ್ತು.

"ಸಣ್ಣಕ್ಕನ್ನ ನೋಡ್ಕಂಡು ಬತ್ತೀನಿ. ಅದ್ನ ನೋಡಿ ವರ್ಷ ಆಯ್ತು," ಎಂದ ಯಾರ ಮುಖವನ್ನೂ ನೋಡದೆ.

"ಹೋಗ್ಬಾ, ಹೋಗ್ಬಾ. ಮಗ್ಳನ್ನೇ ನೋಡ್ಕಂಡು ಬಾ," ಎಂದು ಕೊಂಡಮ್ಮ ಒತ್ತಿ ಹೇಳಿ ಸೊಸೆಯ ಕಡೆ ಕಣ್ಣು ಹೊಡೆದಳು. ಏಳು ವಾರದಲ್ಲಿ ಅವಳು ನಕ್ಕದ್ದು ಅವತ್ತೇ.

ಕಡಲೆಬೀಜದ ಬುತ್ತಿ ಕಟ್ಟಿಕೊಟ್ಟು ಲಕ್ಷ್ಮಕ್ಕ ಮಾವನ ಹಿಂದೆ ಬೀದಿಯ ತುದಿಯವರೆಗೆ ಹೋದಳು. ಮಾತು ಅವಳ ಬಾಯಿಗೇ ಬಂದಿತ್ತು. ಮಾವ, ಅಲ್ಲಿ ಟಪ್ಪಾಲಿನ ಸುದ್ದಿ ಎತ್ತಬೇಡಿ. ಆದರೆ ಹಾಗೆಂದರೆ, ನೀವು ಹೋಗುತ್ತಿರುವುದು ಮಗನನ್ನು ನೋಡಲಿಕ್ಕೆ ಎಂದು ಅವನ ಮುಖಕ್ಕೇ ಹೇಳಿದಂತೆ. ಆ ಅಭಿಮಾನಿ ಮುದುಕ ಕಂಬಳಿಯನ್ನು ಅಲ್ಲೇ ಎಸೆದು ಹಿಂತಿರುಗಿಬಿಟ್ಟರೆ? ಇಷ್ಟು ದಿನಕ್ಕೆ ಒಂದು ಗಂಟು ಸಡಿಲವಾಗುತ್ತಿದೆ, ಕೈ ಹಾಕಿ ಬಿಗಿಯುವುದು ಬೇಡ ಎಂದುಕೊಂಡು ಅವಳು, "ಸಣ್ಣಕ್ಕನ್ನ ಕೇಳ್ದೆ ಅನ್ನಿ," ಎಂದಷ್ಟೇ ಅಂದಳು.

ಕಲ್ಯಾಣದುರ್ಗದ ಮೈದಾನದಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಒಂದು ಷಾಮಿಯಾನ, ನಾಲ್ಕು ಬೆಂಚು, ಮೇಜಿನ ಮೇಲೆ ಬಟ್ಟಲುಗಳು. ಮೂರು ಮೈಲಿಗೆ ಹನ್ನೆರಡು ಸುತ್ತು. ಎಂಟನೆಯ ಸುತ್ತಿನವರೆಗೆ ನರಸಿಂಹಪ್ಪ ಮೂರನೆಯವನಾಗಿದ್ದ. ಮುಂದಿದ್ದವನು ಗುಂತಕಲ್ಲಿನ ರೈಲ್ವೆ ಫೈರ್‌ಮನ್, ಎತ್ತರದ ಆಳು, ಒಂದೊಂದು ಹೆಜ್ಜೆಗೂ ದೂರ ಹೋಗುತ್ತಿದ್ದ. ಹತ್ತನೆಯ ಸುತ್ತಿಗೆ ನರಸಿಂಹಪ್ಪ ಎರಡನೆಯವನಾದ. ಉಸಿರು ಎದೆಯಲ್ಲಿ ಕಲ್ಲಾಗಿತ್ತು. ಇಷ್ಟೇ ನನ್ನ ಕೈಲಾಗುವುದು ಎಂದುಕೊಂಡ.

ಆಗ ಬಲಗಡೆಯಿಂದ ಗೆಜ್ಜೆಯ ಸದ್ದು ಕೇಳಿತು.

ಊರಲ್ಲಿ ಎಷ್ಟೋ ಗೆಜ್ಜೆಗಳಿರುತ್ತವೆ. ಆದರೆ ಆ ಕೋಲಿನ ಏಳು ಗೆಜ್ಜೆಗಳಲ್ಲಿ ಒಂದು ಸೀಳಿತ್ತು, ಆರು ಝಲ್ಲೆಂದರೆ ಅದೊಂದು ಗೊರ್ರೆನ್ನುತ್ತಿತ್ತು. ಹನ್ನೊಂದು ವರ್ಷ ಅವನ ಕೈಯಲ್ಲಿದ್ದ ಸದ್ದು. ತಲೆ ತಿರುಗಿಸಿ ನೋಡಿದ. ಖಾಕಿ ಕೋಟು ತೊಟ್ಟ ಮುದುಕ, ಸುಣ್ಣದ ಗೆರೆಯ ಆಚೆ, ಕೋಲು ಕುಣಿಸಿಕೊಂಡು ತನ್ನ ಸಮಕ್ಕೇ ಓಡುತ್ತಿದ್ದ. ಹತ್ತು ಮಾರು ಓಡಿ ನಿಂತುಬಿಟ್ಟ. ಕೋಲು ಮಾತ್ರ ನಿಲ್ಲಲಿಲ್ಲ.

ಆಮೇಲಿನ ಎರಡು ಸುತ್ತನ್ನು ಹೇಗೆ ಓಡಿದೆ ಎಂದು ನರಸಿಂಹಪ್ಪನಿಗೆ ಗೊತ್ತಿಲ್ಲ. ಫೈರ್‌ಮನ್‌ಗಿಂತ ಎಂಟು ಗಜ ಮುಂದೆ ಬಂದು ದಾರ ಮುಟ್ಟಿದ.

ಗುಂಪನ್ನು ಸೀಳಿಕೊಂಡು ವೆಂಕಟರಾಯಪ್ಪ ಬಂದ. ಏಳು ವಾರದ ಮೇಲೆ ಅಪ್ಪ ಮಗನಿಗೆ ಆಡಿದ ಮೊದಲ ಮಾತು ಇದು. "ಎಡಗಡೆ ಹೆಗಲು ಯಾಕ್ಲಾ ಅಂಗೆ ಇಳ್ಸಿದ್ದೆ? ಚೀಲ ಎಲ್ಲೈತೆ?"

"ಅಭ್ಯಾಸ ಕಣಪ್ಪ," ಎಂದ ನರಸಿಂಹಪ್ಪ. ನಗುತ್ತಿದ್ದನೋ ಅಳುತ್ತಿದ್ದನೋ. ಮುದುಕ ಟವೆಲಿನಿಂದ ಅವನ ಮುಖ ಒರೆಸಿ, ಕುತ್ತಿಗೆ ಒರೆಸಿ, "ನೀರು ಕುಡಿ ಹೋಗು, ಒಂದೇ ಸಲಕ್ಕೆ ಕುಡೀಬೇಡ," ಎಂದು ಕಳಿಸಿದ. ಅಷ್ಟು ಸಂತೋಷವನ್ನು ನರಸಿಂಹಪ್ಪ ತನ್ನ ಮದುವೆಯ ದಿನವೂ ಕಂಡಿರಲಿಲ್ಲ.

ಅವನು ನಲ್ಲಿಯ ಹತ್ತಿರ ಬಾಗಿ ನೀರು ಕುಡಿಯುತ್ತಿದ್ದಾಗ ಕೂಟದ ಕಾರ್ಯದರ್ಶಿ ಮಲ್ಲಿಕಾರ್ಜುನಪ್ಪನವರು ಮುದುಕನ ಬಳಿ ಬಂದರು. ಒಳ್ಳೆಯ ಮನುಷ್ಯ. ಕುರ್ಚಿ ಹಾಕಿಸಿದರು, ಸೋಡಾ ತರಿಸಿದರು.

"ಗೆದ್ದವರು ನಿಮಗೇನಾಗಬೇಕು ಯಜಮಾನರೇ?"

"ಮಾ ಅಬ್ಬಾಯೇ ಸಾಮಿ! ನನ್ ಮಗ."

"ಈ ಗೆಜ್ಜೆ ಕೋಲು ಏನಿದು? ಬಹಳ ಚೆನ್ನಾಗಿದೆ."

ಇಪ್ಪತ್ತೊಂಬತ್ತು ವರ್ಷ ಆ ಪ್ರಶ್ನೆಯನ್ನು ಯಾವ ದೊಡ್ಡ ಮನುಷ್ಯನೂ ಕುರ್ಚಿ ಕೊಟ್ಟು ಕೇಳಿರಲಿಲ್ಲ. ಸುತ್ತ ಪೇಟೆಯ ಜನ ನಿಂತಿದ್ದರು. ಹಿಂದೂಪುರದಿಂದ ಬಂದಿದ್ದ ಜೋಗಪ್ಪನೂ ಇದ್ದ. ಎತ್ತಿನ ಹಾಗೆ ಎಂದು ನಕ್ಕವರೆಲ್ಲ ಈಗ ಕೇಳಲಿ ಎಂದು ಮುದುಕನಿಗೆ ಅನಿಸಿತು. ಎದ್ದು ನಿಂತು ಹೇಳಿದ.

"ಟಪ್ಪಾಲು ಕೋಲು ಸಾಮಿ. ನಮ್ಮಪ್ಪ ಓಡ್ದ, ನಾನು ಓಡ್ದೆ, ಇವ್ನು ಹನ್ನೊಂದು ವರ್ಷ ಪರಿಗಿ ಲೈನು ಓಡ್ದ. ಇವನ್ನ ಸುಮ್ಕೆ ಓಡೋನು ಅಂದ್ಕಬೇಡಿ. ಸುಮ್ಕೆ ಓಡೋ ಮನೆ ಅಲ್ಲ ನಮ್ದು. ಮೂರು ತಲೆ, ತಿಂಗ್ಳು ತಿಂಗ್ಳೂ ಸಂಬಳ ಕೊಟ್ಟು ಓಡಿಸ್ಕಂಡೈತೆ ಸರ್ಕಾರ!"

ನಲ್ಲಿಯ ಹತ್ತಿರದಿಂದ ನರಸಿಂಹಪ್ಪ ತಲೆ ಎತ್ತಿದ. ಮಾತು ಕೇಳಿಸಲಿಲ್ಲ. ಅಪ್ಪ ಹೆಗಲಿಗೆ ಚೀಲ ಏರಿಸುವಂತೆ ಕೈ ಮಾಡಿ ತೋರಿಸುತ್ತಿದ್ದುದು ಕಂಡಿತು. ಅಪ್ಪಾ ಎಂದು ಕೂಗಿ ಓಡಿದ. ಮೂವತ್ತು ಗಜ ಇದ್ದೀತು. ಅವನು ತಲುಪುವಷ್ಟರಲ್ಲಿ ಗುಂತಕಲ್ಲಿನವರು ಕಾರ್ಯದರ್ಶಿಯ ಕಿವಿಯಲ್ಲಿ ಏನೋ ಹೇಳುತ್ತಿದ್ದರು, ಕಾರ್ಯದರ್ಶಿಯ ಮುಖ ಸಣ್ಣದಾಗಿತ್ತು.

ಷಾಮಿಯಾನದ ಹಿಂದೆ ಮಾತಾಯಿತು. ಮುದುಕನನ್ನು ಸಣ್ಣಕ್ಕನ ಗಂಡ ಸೋಡಾ ಕುಡಿಸುತ್ತ ಅತ್ತ ಕೂರಿಸಿಕೊಂಡಿದ್ದ. ಕೇಶವಯ್ಯನವರು ಗಂಟಲು ಕಟ್ಟುವವರೆಗೆ ವಾದ ಮಾಡಿದರು. "ಅದು ಟಪ್ಪಾಲು ಹೊರೋ ಕೂಲಿ ಸ್ವಾಮಿ. ಪಂದ್ಯದ ಓಟ ಅಲ್ಲ. ಹೊಟ್ಟೆಪಾಡು!"

"ಹೊಟ್ಟೆಪಾಡಿಗೆ ಓಡಿದವರು ಬೇಡ ಅಂತಲೇ ನಿಯಮ ಇರೋದು ಮಾಸ್ತರೇ," ಎಂದರು ಮಲ್ಲಿಕಾರ್ಜುನಪ್ಪನವರು. ಅವರಿಗೂ ಬೇಸರವಾಗಿತ್ತು. "ಗುಂತಕಲ್ಲಿನವರು ಬರೆದು ಕೊಟ್ಟಿದ್ದಾರೆ. ತಂದೆಯವರೇ ಹತ್ತು ಜನದ ಮುಂದೆ ಹೇಳಿದ್ದಾರೆ. ನಾನು ಕಿವಿ ಮುಚ್ಚಿಕೊಳ್ಳಲಾ? ಬಟ್ಟಲು ಎರಡನೆಯವರಿಗೆ. ಇವರು ನಿಮ್ಮ ಸಂಘದಲ್ಲಿ ಉಳಿದರೆ ಸಂಘವೂ ಉಳಿಯಲ್ಲ."

ಕೇಶವಯ್ಯನವರು ಬಾಯಿ ತೆರೆಯುವಷ್ಟರಲ್ಲಿ ನರಸಿಂಹಪ್ಪ ಹೇಳಿದ. "ಬುಡಿ ಮೇಷ್ಟ್ರೇ. ನಾನು ಬತ್ತಿಲ್ಲ ನಾಳೆಯಿಂದ." ಎದೆಯ ಮೇಲಿನ ನಂಬರಿನ ಬಟ್ಟೆ ಬಿಚ್ಚಿ, ಮಡಿಸಿ, ಮೇಜಿನ ಮೇಲಿಟ್ಟ. ಆಮೇಲೆ ಕಾರ್ಯದರ್ಶಿಗೆ ಕೈ ಮುಗಿದ. "ಒಂದು ಮಾತು ನಡೆಸ್ಕೊಡಿ ಸಾರ್. ನಮ್ಮಪ್ಪಂಗೆ ಗೊತ್ತಾಗ್ಬಾರ್ದು."

ಬಹುಮಾನ ಹಂಚುವುದು ಸಂಜೆಗಿತ್ತು. ಅದಕ್ಕೆ ಮುಂಚೆ ಮುದುಕನನ್ನು ಹೊರಡಿಸಬೇಕಾಗಿತ್ತು. ನಾಳೆ ಬೆಳಿಗ್ಗೆ ಡ್ಯೂಟಿ, ಮೂರು ಗಂಟೆ ಬಸ್ಸು ಬಿಟ್ಟರೆ ಇನ್ನಿಲ್ಲ ಎಂದ ನರಸಿಂಹಪ್ಪ.

"ಬಟ್ಲು ಇಸ್ಕಂಡೇ ಹೋಗಾನ ಇರ್ಲಾ!"

"ಹೆಸ್ರು ಕೆತ್ತಿಸ್ಬೇಕಂತಪ್ಪ. ಪಾರ್ಸಲ್ ಮಾಡಿ ಟಪ್ಪಾಲಲ್ಲಿ ಕಳಿಸ್ತಾರಂತೆ."

ಬಾಯಿಗೆ ಬಂದ ಸುಳ್ಳು. ಮುದುಕನ ಮುಖ ಅರಳಿತು. "ಟಪ್ಪಾಲಲ್ಲಾ? ಅಂಗಾದ್ರೆ ಸರಿ ಬುಡು. ಟಪ್ಪಾಲಿಗೆ ಹಾಕಿದ್ದು ಬಂದೇ ಬತ್ತೈತೆ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಮುದುಕ ಮಾತಾಡಿದ. ಏಳು ವಾರದ ಮಾತು. ತಾನು ಯಾವ ಹಳ್ಳದಲ್ಲಿ ಚೀಲ ತಲೆಯ ಮೇಲಿಟ್ಟು ದಾಟಿದ್ದು, ತನ್ನಪ್ಪ ಯಾವ ಕಲ್ಲಿನ ಮೇಲೆ ಕೂರುತ್ತಿದ್ದುದು. "ದಾರಿ ಐತೆ ಅಂತ ಓಡೋದು ಸುಲಭ ಕಣ್ಲಾ. ದಾರಿ ಇಲ್ದೆ ಹನ್ನೆರಡು ಸುತ್ತು ಓಡ್ದೆಯಲ್ಲ, ನನ್ ಕೈಲಿ ಆಯ್ತಿರ್ಲಿಲ್ಲ," ಎಂದ. ನರಸಿಂಹಪ್ಪ ಕಿಟಕಿಯ ಕಡೆ ಮುಖ ಮಾಡಿ ಹ್ಞೂಗುಟ್ಟಿದ. ಆ ಮಾತಿಗಾಗಿ ಅವನು ಎಷ್ಟು ದಿನ ಕಾದಿದ್ದ.

ಮನೆಗೆ ಬಂದ ದಿನವೇ ಹೆಂಡತಿಗೆ ಎಲ್ಲ ಹೇಳಿದ. ಲಕ್ಷ್ಮಕ್ಕ ಕುಟ್ಟುತ್ತಿದ್ದ ಹುಣಸೆಹಣ್ಣನ್ನು ಹಾಗೇ ಬಿಟ್ಟು ಕೂತಳು.

"ನನ್ ಬಾಯಿಗೆ ಬಂದಿತ್ತು. ನಾನೇ ನುಂಗ್ಕಂಡೆ. ನಾನೊಂದು ಮಾತು ಹೇಳಿದ್ದಿದ್ರೆ..."

"ನಿಂದೇನೂ ತಪ್ಪಿಲ್ಲ."

"ಆಗ್ಲೇ ಕೇರಿಗೆಲ್ಲ ಹೇಳ್ಕಂಡು ಬಂದವ್ರೆ ಮಾವ, ಬೆಳ್ಳಿ ಬಟ್ಲು ಬತ್ತೈತೆ ಅಂತ. ಯಾರಾದ್ರೂ ಹೇಳ್ಬುಟ್ರೆ? ನಾವೇ ಹೇಳಾನ."

"ಏಳು ವಾರಕ್ಕೆ ಬಾಯಿ ಬಿಟ್ಟವ್ನೆ ಕಣೆ. ನಿನ್ ಬಾಯಿಂದ್ಲೇ ನನ್ ಕಾಲು ಹೋಯ್ತು ಅಂತ ಅಪ್ಪಂಗೆ ಹೆಂಗೆ ಹೇಳ್ಲಿ? ಇನ್ನೊಂದ್ಸಲ ಬಾಯಿ ಮುಚ್ಕಂಡ್ರೆ ಆವಯ್ಯ ಸಾಯಾಗಂಟ ಬಿಡಲ್ಲ." ಅಷ್ಟು ಹೇಳಿ ಅವನು ಅವಳ ಮಡಿಲಲ್ಲಿ ಮುಖ ಇಟ್ಟು ಮಗುವಿನ ಹಾಗೆ ಅತ್ತ. ಹೊರಗೆ ಅಪ್ಪನಿಗೆ ಕೇಳಿಸೀತೆಂದು ಲಕ್ಷ್ಮಕ್ಕ ಪಕ್ಕದಲ್ಲಿದ್ದ ಕೊಡತಿ ತೆಗೆದುಕೊಂಡು ಬರೀ ಕಲ್ಲನ್ನು ಕುಟ್ಟಿದಳು.

ಕೇಶವಯ್ಯನವರು ಸಂಘದವರಿಗೆಲ್ಲ ಆಣೆ ಹಾಕಿಸಿದ್ದರು. ಜೋಗಪ್ಪ ಕೂಡ, ನಗುವವನು ನಿಜ, ಬಾಯಿ ಬಿಡಲಿಲ್ಲ. ಮುದುಕನನ್ನು ಕಂಡರೆ ಎದ್ದು ನಿಲ್ಲುತ್ತಿದ್ದ.

ಬೆಳಿಗ್ಗೆ ಐದೂವರೆಗೆ ಮಗ ಏಳದಿದ್ದುದನ್ನು ಮುದುಕ ಎರಡು ದಿನ ನೋಡಿದ. ಮೂರನೆಯ ದಿನ ಕೇಳಿದ.

"ಯಾಕ್ಲಾ ಹೋಗಲ್ವಾ? ನಂದೇನೂ ಅಡ್ಡಿ ಇಲ್ಲ ಈಗ. ಹೋಗು."

"ಮೀನಖಂಡ ಹಿಡ್ಕಂಡೈತಪ್ಪ. ಸ್ವಲ್ಪ ದಿನ ಬೇಡ ಅಂದವ್ರೆ ಮೇಷ್ಟ್ರು."

ಅಲ್ಲಿಂದ ಅದೊಂದು ಕ್ರಮವಾಯಿತು. ದಿನಾ ಬೆಳಿಗ್ಗೆ ವೆಂಕಟರಾಯಪ್ಪ ಹರಳೆಣ್ಣೆಯನ್ನು ಒಲೆಯ ಬಿಸಿಗೆ ಕಾಯಿಸಿ ತರುತ್ತಿದ್ದ. ಮಗನನ್ನು ಜಗುಲಿಯ ಮೇಲೆ ಕೂರಿಸಿ, ಅವನ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ತಿಕ್ಕುತ್ತಿದ್ದ. ಎಲ್ಲಿ ತಿಕ್ಕಬೇಕೆಂದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ, ಇಪ್ಪತ್ತೊಂಬತ್ತು ವರ್ಷ ತನ್ನ ಕಾಲು ತಾನೇ ತಿಕ್ಕಿಕೊಂಡವನು. ಯುಗಾದಿ ಕಳೆಯಿತು. ಬೇವಿನ ಹೂ ಉದುರಿತು. ಮೈದಾನದ ಕಡೆಯಿಂದ ದಿನಾ ಅದೇ ಹೊತ್ತಿಗೆ ಕೇಶವಯ್ಯನವರ ಸೀಟಿ ಕೇಳಿಸುತ್ತಿತ್ತು. ಆಗ ನರಸಿಂಹಪ್ಪನ ಕಾಲು ತಾನಾಗಿ ಬಿಗಿಯುತ್ತಿತ್ತು.

"ನೋಡ್ದಾ, ಇಲ್ಲೇ ಐತೆ ನೋವು. ಇಲ್ಲೇನಾ?"

"ಹ್ಞೂನಪ್ಪ. ಅಲ್ಲೇ."

"ಬಂತಾ ಪಾರ್ಸಲ್ಲು?"

"ಇನ್ನೂ ಇಲ್ಲಪ್ಪ."

ಒಳಗೆ ಮುದ್ದೆ ತೊಳಸುತ್ತಿದ್ದ ಲಕ್ಷ್ಮಕ್ಕನ ಕೈ ನಿಂತಿತು. ನಡುಮನೆಯ ಮೊಳೆಯಲ್ಲಿ ಗೆಜ್ಜೆ ಕೋಲು ಮತ್ತೆ ತೂಗುತ್ತಿತ್ತು. ಅದರ ಪಕ್ಕದಲ್ಲಿ ಮುದುಕ ಮರದ ಒಂದು ಹಲಗೆಯನ್ನು ಹೊಸದಾಗಿ ಬಡಿದಿದ್ದ, ಬಟ್ಟಲು ಇಡಲಿಕ್ಕೆ. ಕೊಂಡಮ್ಮ ದಿನಾ ಅದರ ಧೂಳು ಒರೆಸುತ್ತಿದ್ದಳು.

"ಬಸ್ಸಿನೋರ ಕೈಗೆ ಟಪ್ಪಾಲು ಕೊಟ್ರೆ ಇಷ್ಟೇ ಕಣ್ಲಾ," ಎಂದ ವೆಂಕಟರಾಯಪ್ಪ, ಅಂಗೈಗೆ ಇನ್ನಷ್ಟು ಎಣ್ಣೆ ಹಾಕಿಕೊಳ್ಳುತ್ತ. "ಎಲ್ಲಿ ಬೀಳಿಸ್ಕಂಡವ್ರೋ. ಲೈನಲ್ಲಿ ನಾವಿದ್ದಿದ್ರೆ, ನಿನ್ ಬಟ್ಲನ್ನ ನಾನೇ ಹೊತ್ಕಂಡು ಓಡಿ ಬತ್ತಿದ್ದೆ."

ನರಸಿಂಹಪ್ಪ ಆ ಕಾಲನ್ನು ಮಡಿಸಿಕೊಂಡು ಇನ್ನೊಂದು ಕಾಲನ್ನು ಅಪ್ಪನ ತೊಡೆಯ ಮೇಲೆ ಚಾಚಿದ.